ಪ್ರೀತಿಯ ಪಾತ್ರವನ್ನು ಸಾಯಿಸುವ ಮುನ್ನ, ಸಾಯಿಸಿದ ಮೇಲೆ

ಕಂತುಕಂತಾಗಿ ಕಥೆ ಬರೆಯುವವರಿಗೆ ಒಂದಲ್ಲ ಒಂದು ಹಂತದಲ್ಲಿ, ಓದುಗರು ಮನೆಯವರಂತೆ ಹಚ್ಚಿಕೊಂಡಿರುವ ಪಾತ್ರವನ್ನು ಮುಗಿಸಬೇಕಾದ ಸಂದರ್ಭ ಬರುತ್ತದೆ. ವಾರಪತ್ರಿಕೆಯ ಧಾರಾವಾಹಿಯಿರಲಿ, ಟೀವಿಯ ದಿನನಿತ್ಯದ ಸೀರಿಯಲ್ ಇರಲಿ, ಮೊಬೈಲ್ ಆ್ಯಪ್‌ನಲ್ಲಿ ಅಧ್ಯಾಯ ಅಧ್ಯಾಯವಾಗಿ ಪ್ರಕಟವಾಗುವ ಕಾದಂಬರಿಯಿರಲಿ, ಆ ಕಂತು ಹೊರಬಿದ್ದ ಗಳಿಗೆಯಿಂದ ಶುರುವಾಗುವ ಅಳು, ಸಿಟ್ಟು, ಬೈಗುಳ, ಬೇಡಿಕೆಗಳು ಬರೆದವರನ್ನು ಅಲ್ಲಾಡಿಸಿಬಿಡುತ್ತವೆ. ಈ ಪ್ರತಿಕ್ರಿಯೆಯನ್ನು ತಪ್ಪಿಸುವುದು ಸಾಧ್ಯವಿಲ್ಲ, ತಪ್ಪಿಸಲೂಬಾರದು. ಯಾರೂ ಅಳದ ಸಾವನ್ನು ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು. ಆದರೆ ಆ ಪ್ರತಿಕ್ರಿಯೆ ದುಃಖವಾಗಿ ಹರಿಯುತ್ತದೆಯೋ ದ್ವೇಷವಾಗಿ ಹೆಪ್ಪುಗಟ್ಟುತ್ತದೆಯೋ ಎಂಬುದು ಬಹುಮಟ್ಟಿಗೆ ಬರೆಯುವವರ ಕೈಯಲ್ಲಿದೆ. ಓದುಗರು ಸಾವನ್ನು ಒಪ್ಪಿಕೊಳ್ಳುತ್ತಾರೆ. ಸಾವಿನ ಕಾರಣ ಕಥೆಯ ಹೊರಗಿದೆಯೆಂದು, ಅಂದರೆ ಲೇಖಕನ ಬೇಸರದಲ್ಲೋ ಕಂಪನಿಯ ಲಾಭದಲ್ಲೋ ನಟನ ಒಪ್ಪಂದದಲ್ಲೋ ಇದೆಯೆಂದು ವಾಸನೆ ಹತ್ತಿದಾಗ ಮಾತ್ರ ತಿರುಗಿಬೀಳುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ, ಮುಂದಿನ ಸಲಹೆಗಳೆಲ್ಲ ಅದರಿಂದಲೇ ಹುಟ್ಟಿದವು.

ಓದುಗರ ದುಃಖ ಹುಚ್ಚಾಟವೆಂದು ತಿಳಿಯುವವರು ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು. ತೆರೆಯ ಮೇಲಿನ ವ್ಯಕ್ತಿಯೊಂದಿಗೆ ನೋಡುಗ ಬೆಳೆಸಿಕೊಳ್ಳುವ ಏಕಮುಖ ನಂಟಿನ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಲ್ಲೇ ಬರೆದರು. ವಾರವಾರವೂ ನಿಗದಿತ ಹೊತ್ತಿಗೆ ಬಂದು ಹೋಗುವ ವ್ಯಕ್ತಿ ಕಲ್ಪಿತನೆಂದು ಬುದ್ಧಿಗೆ ಗೊತ್ತಿದ್ದರೂ, ಅವನಿಗಾಗಿ ಕಾಯುವ ಅಭ್ಯಾಸ ಮಾತ್ರ ನಿಜವಾದದ್ದು. ಪಾತ್ರ ಸತ್ತಾಗ ಕಡಿದುಬೀಳುವುದು ಆ ಅಭ್ಯಾಸ. ಒಂದೇ ಕೂರಿಕೆಯಲ್ಲಿ ಓದಿ ಮುಗಿಸುವ ಕಾದಂಬರಿಯಲ್ಲಿ ನಾಯಕ ಸತ್ತರೆ ನಿಟ್ಟುಸಿರಿಟ್ಟು ಪುಸ್ತಕ ಮುಚ್ಚುವ ಓದುಗನೇ, ಎರಡು ವರ್ಷ ಹಿಂಬಾಲಿಸಿದ ಧಾರಾವಾಹಿಯಲ್ಲಿ ಅದೇ ಆದಾಗ ಸಂಪಾದಕರಿಗೆ ಪತ್ರ ಬರೆಯುತ್ತಾನೆ.

ಕಾರಣವನ್ನು ಮೊದಲು ಕಾಗದದ ಮೇಲೆ ಬರೆಯಿರಿ

ಸಾವಿನ ದೃಶ್ಯ ಬರೆಯುವುದಕ್ಕೂ ಮೊದಲು, ಈ ಪಾತ್ರ ಯಾಕೆ ಸಾಯಬೇಕು ಎಂಬುದನ್ನು ಎರಡು ಸಾಲುಗಳಲ್ಲಿ, ಯಾರಿಗೂ ತೋರಿಸಬೇಕಾಗಿಲ್ಲದ ಕಾಗದದ ಮೇಲೆ ಪ್ರಾಮಾಣಿಕವಾಗಿ ಬರೆದುಕೊಳ್ಳಿ. ನನಗೆ ಸಾಕಾಗಿದೆ ಎಂಬುದೇ ಕಾರಣವಾಗಿದ್ದರೆ ಹಾಗೆಯೇ ಬರೆಯಿರಿ, ನಾಚಿಕೆ ಬೇಡ. ಈ ವಿಷಯದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬೈಸಿಕೊಂಡ ಲೇಖಕನ ಕಾರಣವೂ ಅದೇ ಆಗಿತ್ತು.

ಆರ್ಥರ್ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸ್‌ನನ್ನು ಓದುಗರ ಮುಂದೆ ತಂದದ್ದು 1887ರಲ್ಲಾದರೂ, ಆ ಪತ್ತೇದಾರ ಮನೆಮಾತಾದದ್ದು 1891ರ ಜುಲೈನಿಂದ ಲಂಡನ್ನಿನ 'ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಸಣ್ಣಕಥೆಗಳಾಗಿ ಬರತೊಡಗಿದ ಮೇಲೆ. ಅದೇ ವರ್ಷದ ನವೆಂಬರಿನಲ್ಲೇ ಡಾಯ್ಲ್ ತಾಯಿಗೆ ಪತ್ರ ಬರೆದು, ಹೋಮ್ಸ್‌ನನ್ನು ಕೊಂದುಬಿಡುವ ಯೋಚನೆಯಿದೆ, ಅವನು ತನ್ನ ಮನಸ್ಸನ್ನು ಇದಕ್ಕಿಂತ ಉತ್ತಮವಾದ ಕೆಲಸಗಳಿಂದ ಬೇರೆಡೆಗೆ ಸೆಳೆಯುತ್ತಿದ್ದಾನೆ ಎಂದು ತಿಳಿಸಿದ್ದರು. ಉತ್ತಮ ಕೆಲಸವೆಂದರೆ ಅವರ ಪಾಲಿಗೆ ಐತಿಹಾಸಿಕ ಕಾದಂಬರಿ. ತಾಯಿ ಬೇಡವೆಂದರು, ಹೋಮ್ಸ್ ಬದುಕಿಕೊಂಡ. ಪತ್ರಿಕೆ ಇನ್ನಷ್ಟು ಕಥೆಗಳನ್ನು ಕೇಳಿದಾಗ, ಒಪ್ಪಲಾರರೆಂಬ ಭರವಸೆಯಿಂದಲೇ ಡಾಯ್ಲ್ ಹನ್ನೆರಡು ಕಥೆಗಳಿಗೆ 1,000 ಪೌಂಡ್ ಎಂದರು, ಪತ್ರಿಕೆಯವರು ಒಪ್ಪಿಬಿಟ್ಟರು. ಆ ಹನ್ನೆರಡರ ಕೊನೆಯ ಕಥೆ 1893ರ ಡಿಸೆಂಬರ್ ಸಂಚಿಕೆಯಲ್ಲಿ ಬಂತು. ಅದರಲ್ಲಿ ಹೋಮ್ಸ್ ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತದ ಕಂದಕಕ್ಕೆ ಬಿದ್ದ.

20,000ಕ್ಕೂ ಹೆಚ್ಚು ಮಂದಿ ಪತ್ರಿಕೆಯ ಚಂದಾ ನಿಲ್ಲಿಸಿದರೆಂಬ ಲೆಕ್ಕ ಬಹುಕಾಲದಿಂದ ಹೇಳಿಕೊಂಡು ಬಂದದ್ದು. ಪತ್ರಿಕೆಯ ಮಾಲೀಕ ಜಾರ್ಜ್ ನ್ಯೂನ್ಸ್ ತಮ್ಮ ಷೇರುದಾರರ ಮುಂದೆ ಇದನ್ನು ಭಯಾನಕ ಘಟನೆಯೆಂದು ಕರೆಯಬೇಕಾಯಿತು. ಮಹಿಳೆಯೊಬ್ಬರು ಬರೆದ ಪತ್ರ ಲೇಖಕರನ್ನು 'ಮೃಗವೇ' ಎಂದು ಸಂಬೋಧಿಸಿಯೇ ಶುರುವಾಗಿತ್ತೆಂದು ಡಾಯ್ಲ್ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ. ಲಂಡನ್ನಿನ ಯುವಕರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಓಡಾಡಿದರೆಂಬ ಮಾತು ಬಹುಶಃ ದಂತಕಥೆ. ಕಪ್ಪು ಪಟ್ಟಿ ನಿಜವಾಗಿ ಬಂದದ್ದು ಸುಮಾರು ನೂರು ವರ್ಷಗಳ ಮೇಲೆ, 1992ರಲ್ಲಿ ಸೂಪರ್‌ಮ್ಯಾನ್ ಸತ್ತಾಗ, ಅದೂ ಪ್ರಕಾಶಕರೇ ಕಾಮಿಕ್ಸ್ ಪುಸ್ತಕದ ಜೊತೆ ಲಕೋಟೆಯಲ್ಲಿಟ್ಟು ಮಾರಿದ ಸರಕಾಗಿ. ಹೋಮ್ಸ್ ಸತ್ತ ಮೂರು ವರ್ಷಗಳ ಬಳಿಕ, 1896ರಲ್ಲಿ, ಲೇಖಕರ ಕೂಟವೊಂದರಲ್ಲಿ ಡಾಯ್ಲ್ ಇದನ್ನು ಆತ್ಮರಕ್ಷಣೆಗಾಗಿ ಮಾಡಿದ ಕೊಲೆಯೆಂದು ಸಮರ್ಥಿಸಿಕೊಂಡರು. ತಾನು ಅವನನ್ನು ಕೊಲ್ಲದಿದ್ದರೆ ಅವನೇ ತನ್ನನ್ನು ಕೊಲ್ಲುತ್ತಿದ್ದ ಎಂಬುದು ಅವರ ವಾದ. ಲೇಖಕರಿಗೆ ಅದು ಅರ್ಥವಾಗುವ ಮಾತು. ಓದುಗರಿಗೆ ಮಾತ್ರ ತಮ್ಮ ಸಂಶಯವನ್ನು ಖಾತ್ರಿಪಡಿಸುವ ಮಾತು.

ಹಾಗಾದರೆ ಕಾರಣ ಹೊರಗಿನದಾದರೆ ಬರೆಯಲೇಬಾರದೆ? ಹಾಗಲ್ಲ. ಹೊರಗಿನ ಕಾರಣವೇ ಇಲ್ಲದ ಸಾವು ಧಾರಾವಾಹಿ ಲೋಕದಲ್ಲಿ ಅಪರೂಪ. ನಟ ಬಿಟ್ಟುಹೋಗುತ್ತಾನೆ, ವಾಹಿನಿಯವರು ಹೊಸ ಟ್ರ್ಯಾಕ್ ಕೇಳುತ್ತಾರೆ, ಪಾತ್ರದ ಕೆಲಸ ಮುಗಿದಿರುತ್ತದೆ. ಆ ಹೊರಗಿನ ಕಾರಣವನ್ನು ಕಥೆಯ ಒಳಗಿನ ಕಾರಣವಾಗಿ ಮಾರ್ಪಡಿಸುವುದೇ ಇಲ್ಲಿನ ಕಸುಬು.

ಸಾವು ಪಾತ್ರದ ಸ್ವಭಾವದಿಂದಲೇ ಹುಟ್ಟಲಿ

ಇದಕ್ಕೆ ನಾನು ಕಂಡ ಅತ್ಯುತ್ತಮ ಮಾದರಿ ಜಪಾನಿನದು. 1968ರಿಂದ ಕೊಡಾನ್ಶಾ ಸಂಸ್ಥೆಯ ಹುಡುಗರ ವಾರಪತ್ರಿಕೆಯಲ್ಲಿ 'ಅಶಿತಾ ನೋ ಜೋ' ಎಂಬ ಬಾಕ್ಸಿಂಗ್ ಚಿತ್ರಕಥೆ ಬರುತ್ತಿತ್ತು. ಕಥೆ ಇಕ್ಕಿ ಕಾಜಿವಾರಾ ಅವರದು, ಚಿತ್ರ ಟೆಟ್ಸುಯಾ ಚಿಬಾ ಅವರದು. ನಾಯಕ ಜೋ ಎಂಬ ಬೀದಿ ಹುಡುಗ, ಅವನ ಎದುರಾಳಿ ತೋರು ರಿಕಿಇಶಿ. ರಿಕಿಇಶಿ ಮೊದಲು ಕಾಣಿಸಿಕೊಂಡಾಗ ಚಿಬಾ ಅವನನ್ನು ಜೋಗಿಂತ ಬಹಳ ಎತ್ತರದ, ದಪ್ಪ ಮೈಕಟ್ಟಿನವನಾಗಿ ಬರೆದಿದ್ದರು. ಮುಂದೆ ಇವರಿಬ್ಬರೂ ಒಂದೇ ತೂಕದ ವರ್ಗದಲ್ಲಿ ಹೋರಾಡಬೇಕೆಂದು ಕಥೆ ಕೇಳಿದಾಗ ಲೆಕ್ಕ ತಪ್ಪಿತು, ಏಕೆಂದರೆ ಅಷ್ಟು ದೊಡ್ಡ ದೇಹದವನು ಬ್ಯಾಂಟಮ್‌ವೆಯ್ಟ್ ಎಂಬ ಹಗುರ ತೂಕದ ವರ್ಗಕ್ಕೆ ಇಳಿಯುವುದು ಅಸಾಧ್ಯ.

ಈ ಎಡವಟ್ಟನ್ನು ಮುಚ್ಚಿಹಾಕುವ ಬದಲು ಅವರು ಅದನ್ನೇ ಕಥೆ ಮಾಡಿದರು. ರಿಕಿಇಶಿ ತೂಕ ಇಳಿಸಲು ಅನ್ನ ಬಿಡುತ್ತಾನೆ, ಆಮೇಲೆ ನೀರನ್ನೂ ಬಿಡುತ್ತಾನೆ. ದಾಹ ತಡೆಯಲಾಗದೆ ಒಂದು ರಾತ್ರಿ ನಲ್ಲಿಗಳತ್ತ ಓಡಿದರೆ ಅವೆಲ್ಲವನ್ನೂ ತಂತಿ ಸುತ್ತಿ ಬಿಗಿದು ಕಟ್ಟಲಾಗಿರುತ್ತದೆ. ಅವನನ್ನು ಮೆಚ್ಚಿದ ಯೋಕೋ ಎಂಬ ಯುವತಿ ಮರುಗಿ ಲೋಟದಲ್ಲಿ ಬಿಸಿನೀರು ತಂದುಕೊಡುತ್ತಾಳೆ. ಆಕೆಯ ಮನಸ್ಸಿಗೆ ಕೃತಜ್ಞತೆ ಹೇಳಿ, ಅವನು ಆ ನೀರನ್ನು ನೆಲಕ್ಕೆ ಸುರಿದುಬಿಡುತ್ತಾನೆ. ಕೊನೆಗೆ ಪಂದ್ಯದಲ್ಲಿ ಅವನೇ ಗೆಲ್ಲುತ್ತಾನೆ, ಜೋನ ಕೈ ಕುಲುಕಲು ಮುಂದೆ ಬರುತ್ತಾನೆ, ಕುಸಿದುಬಿದ್ದು ಸಾಯುತ್ತಾನೆ. ಪಂದ್ಯದ ನಡುವೆ ಕಪಾಲಕ್ಕೆ ಬಿದ್ದ ಏಟು ನೆಪವಾದರೂ, ಅವನು ಸತ್ತದ್ದು ತನ್ನ ಹಟದಿಂದ ಎಂಬುದು ಪ್ರತಿಯೊಬ್ಬ ಓದುಗನಿಗೂ ಗೊತ್ತಿತ್ತು, ಏಕೆಂದರೆ ಆ ಹಟವನ್ನು ಅವರು ವಾರಗಟ್ಟಲೆ ಕಣ್ಣಾರೆ ಕಂಡಿದ್ದರು.

1970ರ ಮಾರ್ಚ್ 24ರಂದು ಕೊಡಾನ್ಶಾ ಕಟ್ಟಡದ ಸಭಾಂಗಣದಲ್ಲಿ ರಿಕಿಇಶಿಗೆ ಶವಸಂಸ್ಕಾರದ ವಿಧಿ ನಡೆಯಿತು. ಕವಿ, ನಾಟಕಕಾರ ಶೂಜಿ ತೆರಾಯಾಮಾ ಅದರ ಮುಂದಾಳು. ಬೌದ್ಧ ಪುರೋಹಿತರು ಬಂದರು, ಬಾಕ್ಸಿಂಗ್ ರಿಂಗ್ ನಿಲ್ಲಿಸಲಾಯಿತು, ಸುಮಾರು 700 ಮಂದಿ ಸೇರಿದರು. ಹೋಮ್ಸ್‌ನ ಓದುಗರ ಪತ್ರಗಳಿಗೂ ಈ ಸಭೆಗೂ ಇರುವ ಅಂತರವನ್ನು ಗಮನಿಸಬೇಕು. ಎರಡೂ ಕಡೆ ಪ್ರೀತಿ ಒಂದೇ, ನಷ್ಟವೂ ಒಂದೇ. ಅಲ್ಲಿ ಜನ ಲೇಖಕನನ್ನು ಕೊಲೆಗಾರನೆಂದರು, ಇಲ್ಲಿ ಲೇಖಕರ ಜೊತೆ ಕೂತು ಶೋಕಿಸಿದರು.

ಆದ್ದರಿಂದ ನಿಮ್ಮ ಪಾತ್ರದ ಸ್ವಭಾವದಲ್ಲಿ ಜನ ಯಾವುದನ್ನು ಮೆಚ್ಚಿದ್ದಾರೋ ಅದನ್ನೇ ಸಾವಿನ ಬೇರಾಗಿ ಮಾಡಲು ಸಾಧ್ಯವೇ ಎಂದು ನೋಡಿ. ಯಾರಿಗೂ ಇಲ್ಲವೆನ್ನದ ಅಣ್ಣನ ಪಾತ್ರವಾದರೆ ಆ ಇಲ್ಲವೆನ್ನಲಾರದ ಗುಣವೇ ಅವನನ್ನು ಕೊನೆಯ ದಾರಿಗೆ ಒಯ್ಯಲಿ. ಲಾರಿಯೊಂದು ಎಲ್ಲಿಂದಲೋ ಬಂದು ಗುದ್ದಿಹೋಗುವುದು ಬದುಕಿನಲ್ಲಿ ದಿನವೂ ನಡೆಯುತ್ತದೆ ನಿಜ, ಆದರೆ ಸೀರಿಯಲ್ ನೋಡುವವರು ಆ ಲಾರಿಯ ಡ್ರೈವರ್ ಸೀಟಿನಲ್ಲಿ ನಿರ್ಮಾಪಕರನ್ನೇ ಕಾಣುತ್ತಾರೆ.

ಇನ್ನೊಂದು ಪರೀಕ್ಷೆಯೂ ಇದೆ. ಸಾವಿನ ನಂತರದ ಹತ್ತು ಕಂತುಗಳಲ್ಲಿ ಯಾರ ನಡವಳಿಕೆ ಹೇಗೆ ಬದಲಾಗುತ್ತದೆ ಎಂದು ಮುಂಚಿತವಾಗಿ ಬರೆದಿಟ್ಟುಕೊಳ್ಳಿ. ಜೋ ರಿಕಿಇಶಿಯ ಸಾವಿನ ಬಳಿಕ ಎದುರಾಳಿಯ ತಲೆಗೆ ಹೊಡೆಯಲಾರದವನಾಗುತ್ತಾನೆ, ಹೊಡೆದರೆ ವಾಂತಿ ಮಾಡಿಕೊಳ್ಳುತ್ತಾನೆ. ಓದುಗರ ದುಃಖ ನಾಯಕನ ಮೈಯಲ್ಲೇ ಮುಂದುವರಿಯುತ್ತದೆ. ಹನ್ನೊಂದನೆಯ ದಿನದ ವಿಧಿ ಮುಗಿದ ಕೂಡಲೇ ಮನೆಯವರೆಲ್ಲ ಹಬ್ಬದ ಸೀರೆ ಉಟ್ಟು ಹೊಸ ಸಂಚಿನಲ್ಲಿ ತೊಡಗುವ ಕಥೆಯಾದರೆ, ಸತ್ತವನಿಗೆ ಅವಮಾನವಾಯಿತೆಂದು ನೋಡುಗರು ಸಿಟ್ಟಾಗುವುದರಲ್ಲಿ ತಪ್ಪೇನಿಲ್ಲ.

ಕೊಲ್ಲುವವನನ್ನು ಬೇಗ ಕರೆತನ್ನಿ, ದೇಹದ ವಿಷಯ ಮೊದಲೇ ತೀರ್ಮಾನಿಸಿ

ಡಾಯ್ಲ್ ಅವರ ಕಥೆಯಲ್ಲಿ ಒಂದು ದೋಷವಿದೆ. ಹೋಮ್ಸ್‌ನನ್ನು ಸಾವಿಗೆ ದೂಡುವ ಪ್ರೊಫೆಸರ್ ಮೊರಿಯಾರ್ಟಿಯ ಹೆಸರು ಆ ಹಿಂದಿನ ಯಾವ ಕಥೆಯಲ್ಲೂ ಇಲ್ಲ. ಅವನು ಅದೇ ಕಥೆಯಲ್ಲಿ ಹುಟ್ಟಿ ಅದರಲ್ಲೇ ಸಾಯುತ್ತಾನೆ. ಇಡೀ ಲಂಡನ್ನಿನ ಅಪರಾಧಲೋಕವನ್ನು ಆಡಿಸುತ್ತಿದ್ದವನು ಇಷ್ಟು ದಿನ ಎಲ್ಲಿದ್ದ ಎಂಬ ಪ್ರಶ್ನೆ ಓದುಗನಿಗೆ ಬಂದೇ ಬರುತ್ತದೆ, ಅದಕ್ಕೆ ಉತ್ತರವಾಗಿ ಅವನಿಗೆ ಕಾಣುವುದು ಲೇಖಕನ ಅವಸರ. ಡಾಯ್ಲ್ ಮುಂದೆ 1914ರಲ್ಲಿ ಆರಂಭಿಸಿದ ಕಾದಂಬರಿಯಲ್ಲಿ ಮೊರಿಯಾರ್ಟಿಯನ್ನು ಹಿಂದಿನ ಕಾಲಕ್ಕೆ ಒಯ್ದು ಹೊಲಿಗೆ ಹಾಕಲು ನೋಡಿದರು. ಆಗ ಹೋಮ್ಸ್‌ನ ಗೆಳೆಯನೂ ಕಥೆ ಹೇಳುವವನೂ ಆದ ವಾಟ್ಸನ್‌ಗೆ ಆ ಹೆಸರು ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬ ಹೊಸ ಗೊಂದಲ ಹುಟ್ಟಿತು. ನಿಮ್ಮ ಪಾತ್ರ ಕಾಯಿಲೆಯಿಂದ ಸಾಯುವುದಾದರೆ ಕೆಮ್ಮು ಎಷ್ಟೋ ಕಂತುಗಳ ಹಿಂದೆ ಕೇಳಿಸಿರಬೇಕು. ಶತ್ರುವಿನಿಂದಾದರೆ ಆ ಶತ್ರು ಒಮ್ಮೆಯಾದರೂ ಅವನ ಕೈಯಲ್ಲಿ ಸೋತು ಹೋಗಿರಬೇಕು.

ದೋಷ ಹೀಗಿದ್ದರೂ ಸಾವಿನ ದೃಶ್ಯ ಮಾತ್ರ ಇಂದಿಗೂ ಪಾಠದಂತಿದೆ. ಡಾಯ್ಲ್ ಸಾವನ್ನು ತೋರಿಸುವುದೇ ಇಲ್ಲ. ಹೋಟೆಲಿನಲ್ಲಿ ಇಂಗ್ಲಿಷ್ ಮಹಿಳೆಯೊಬ್ಬಳು ಸಾಯುವ ಸ್ಥಿತಿಯಲ್ಲಿದ್ದಾಳೆಂಬ ಸುಳ್ಳು ಪತ್ರ ನಂಬಿ ಡಾಕ್ಟರ್ ವಾಟ್ಸನ್ ಕೆಳಗಿಳಿದು ಹೋಗುತ್ತಾನೆ, ಮೋಸ ತಿಳಿದು ಓಡೋಡಿ ಮೇಲೆ ಬರುತ್ತಾನೆ. ಬಂಡೆಗೆ ಒರಗಿಸಿಟ್ಟ ಹೋಮ್ಸ್‌ನ ಊರುಗೋಲು ಹಾಗೆಯೇ ಇದೆ. ತುಂತುರಿನಿಂದ ಸದಾ ಒದ್ದೆಯಾಗಿರುವ ಕಪ್ಪು ಮಣ್ಣಿನ ದಾರಿಯಲ್ಲಿ ಎರಡು ಸಾಲು ಹೆಜ್ಜೆಗುರುತುಗಳು ಮುಂದಕ್ಕೆ ಹೋಗಿವೆ, ಹಿಂದಕ್ಕೆ ಒಂದೂ ಬಂದಿಲ್ಲ. ದಾರಿಯ ತುದಿಯಲ್ಲಿ ನೆಲ ತುಳಿದು ಕೆಸರಾಗಿದೆ, ಮುಳ್ಳುಗಿಡಗಳು ಹರಿದು ಚೆಲ್ಲಾಡಿವೆ. ಬಂಡೆಯ ಮೇಲೆ ಮಿನುಗಿದ ಬೆಳ್ಳಿಯ ಸಿಗರೇಟ್ ಕೇಸನ್ನು ಎತ್ತಿದರೆ ಅದರಡಿ ನೋಟ್‌ಬುಕ್ಕಿನಿಂದ ಹರಿದ ಮೂರು ಹಾಳೆಗಳು. ಸಾವಿನ ಅಂಚಿನಲ್ಲಿ ನಿಂತು ಬರೆದ ಆ ಪತ್ರದಲ್ಲೂ ಪೊಲೀಸರಿಗೆ ಬೇಕಾದ ಕಾಗದಗಳು ನೀಲಿ ಲಕೋಟೆಯಲ್ಲಿ ಯಾವ ಗೂಡಿನಲ್ಲಿವೆ ಎಂಬ ವಿವರವಿದೆ. ಹೋಮ್ಸ್ ಕೊನೆಯವರೆಗೂ ಹೋಮ್ಸ್ ಆಗಿಯೇ ಇದ್ದಾನೆ. ಪತ್ತೇದಾರನ ಸಾವನ್ನು ಪುರಾವೆಗಳ ಮೂಲಕ, ಅದೂ ಅವನ ಶಿಷ್ಯನೇ ಓದಬೇಕಾದ ಪುರಾವೆಗಳ ಮೂಲಕ ಹೇಳಿದ್ದು ಡಾಯ್ಲ್ ಅವರ ಪ್ರತಿಭೆ.

ಆದರೆ ಹೆಣ ಸಿಗಲಿಲ್ಲ. ಇದರ ಪರಿಣಾಮವನ್ನು ಬರೆಯುವವರು ಮೊದಲೇ ಯೋಚಿಸಬೇಕು, ಏಕೆಂದರೆ ದೇಹ ಕಾಣದ ಸಾವನ್ನು ಯಾವ ಅಭಿಮಾನಿಯೂ ನಂಬುವುದಿಲ್ಲ. ಮರಳಿ ತರುವ ಬಾಗಿಲನ್ನು ತೆರೆದಿಡಬೇಕಿದ್ದರೆ ದೇಹವನ್ನು ಅಡಗಿಸಿ. ನಿಜವಾಗಿಯೂ ಮುಗಿಸಬೇಕಿದ್ದರೆ ಚಿತೆಯವರೆಗೂ ಕರೆದೊಯ್ಯಿರಿ. ಮುಗಿಸಿದ್ದೇನೆಂದು ಹೇಳುತ್ತಲೇ ಹೊಳೆಗೆ ತಳ್ಳಿ ಕೈತೊಳೆದುಕೊಂಡರೆ ಮುಂದಿನ ಪ್ರತಿ ಕಂತಿನಲ್ಲೂ ಅವನು ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಜನ ಕಾಯುತ್ತಾರೆ, ನೀವು ಬರೆದ ಉಳಿದದ್ದೇನನ್ನೂ ಗಮನಿಸುವುದಿಲ್ಲ.

ಯಾರನ್ನು ಕೊಲ್ಲುತ್ತಿದ್ದೀರಿ, ಯಾರನ್ನು ಕೇಳಿ ಕೊಲ್ಲುತ್ತಿದ್ದೀರಿ

ಸಾವು ಬದುಕಿನ ತೀರ್ಮಾನವನ್ನು ಜನರ ಮತಕ್ಕೆ ಬಿಡುವ ಆಸೆ ಈಗಿನ ಕಾಲದಲ್ಲಿ ಸುಲಭವಾಗಿ ಹುಟ್ಟುತ್ತದೆ. 1988ರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಇದನ್ನು ಮಾಡಿ ನೋಡಿತು. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಪಾತ್ರದಲ್ಲಿದ್ದ ಜೇಸನ್ ಟಾಡ್ ಎಂಬ ಹುಡುಗ ಓದುಗರಲ್ಲಿ ಹಲವರಿಗೆ ಇಷ್ಟವಾಗಿರಲಿಲ್ಲ. ಸ್ಫೋಟದಲ್ಲಿ ಅವನು ಸಿಕ್ಕಿಹಾಕಿಕೊಂಡ ಕಂತಿನ ಕೊನೆಗೆ ಎರಡು ದೂರವಾಣಿ ಸಂಖ್ಯೆಗಳನ್ನು ಕೊಟ್ಟು, ಕರೆಗೆ 50 ಸೆಂಟ್‌ನಂತೆ ಮತ ಕೇಳಲಾಯಿತು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಅಂತರ ಬರೀ 72. ಒಬ್ಬನೇ ಎಷ್ಟು ಬಾರಿ ಬೇಕಾದರೂ ಕರೆ ಮಾಡಬಹುದಾಗಿದ್ದ ಈ ಮತದಾನದ ಫಲ ಬಂದಾಗ ಸಂಪಾದಕ ಡೆನಿಸ್ ಓ'ನೀಲ್ ಅವರ ಮೇಲೆ ಎಲ್ಲ ಕಡೆಯಿಂದ ಟೀಕೆ ಬಂತು. ಜೇಸನ್‌ನನ್ನು 2005ರಲ್ಲಿ ಮತ್ತೆ ಬದುಕಿಸಲಾಯಿತು. ಓದುಗರಿಗೆ ಅಧಿಕಾರ ಕೊಟ್ಟಂತೆ ಕಂಡರೂ ಇದರಲ್ಲಿ ಅವರಿಗೆ ಸಿಕ್ಕಿದ್ದು ಹೊಣೆ ಮಾತ್ರ. ಯಾರ ಸಾವಿಗೂ ಕಾರಣ ತಾನಾಗಲು ಇಷ್ಟಪಡದ ಓದುಗ ಆ ಹೊಣೆಯನ್ನು ನಿಮ್ಮ ಮುಖಕ್ಕೇ ಎಸೆಯುತ್ತಾನೆ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದು. ನಿಮ್ಮ ಕಥೆಯಲ್ಲಿ ಒಂದು ಸಮುದಾಯಕ್ಕೆ, ಒಂದು ಬಗೆಯ ಬದುಕಿಗೆ ಸೇರಿದವಳು ಒಬ್ಬಳೇ ಇದ್ದು, ಅವಳನ್ನೇ ನೀವು ಆರಿಸಿಕೊಂಡಿದ್ದರೆ, ಅದನ್ನು ನೋಡುವವರಿಗೆ ಆ ಸಾವಿನ ಅರ್ಥವೇ ಬೇರೆ. 2016ರ ಮಾರ್ಚ್‌ನಲ್ಲಿ 'ದಿ ಹಂಡ್ರೆಡ್' ಎಂಬ ಅಮೆರಿಕನ್ ಟೀವಿ ಸರಣಿಯಲ್ಲಿ ಲೆಕ್ಸಾ ಎಂಬ ನಾಯಕಿ, ತಾನು ಪ್ರೀತಿಸಿದ ಹೆಣ್ಣಿನ ಜೊತೆ ಒಂದಾದ ಬೆನ್ನಲ್ಲೇ, ಆ ಹೆಣ್ಣಿಗೆ ಗುರಿಯಿಟ್ಟ ಗುಂಡು ತಗುಲಿ ಸತ್ತಳು. ಸಲಿಂಗಪ್ರೇಮಿ ಪಾತ್ರಗಳಿಗೆ ಸುಖ ಸಿಕ್ಕ ಕೂಡಲೇ ಸಾವು ಎಂಬ ಹಳೆಯ ಚಾಳಿಯನ್ನು ಬಲ್ಲ ವೀಕ್ಷಕರು ಕೆರಳಿದರು. ಆ ಕೋಪದ ಒಂದು ಪಾಲು ಎಲ್‌ಜಿಬಿಟಿ ಯುವಜನರ ಆತ್ಮಹತ್ಯೆ ತಡೆಯುವ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆಗೆ ನಿಧಿ ಸಂಗ್ರಹವಾಗಿ ಹರಿಯಿತು. ಸರಣಿಯ ಮುಖ್ಯ ಬರಹಗಾರರು ಬಹಿರಂಗ ಕ್ಷಮೆ ಕೇಳಿದರು. ನಮ್ಮ ಕಥೆಗಳಲ್ಲೂ ಮನೆಕೆಲಸದವಳು, ಬಡ ಗೆಳೆಯ, ವಿಧವೆ ಅತ್ತಿಗೆ ನಾಯಕನ ದಾರಿ ಸುಗಮವಾಗಲೆಂದೇ ಸಾಯುವುದನ್ನು ಎಷ್ಟು ಬಾರಿ ನೋಡಿಲ್ಲ? ಆರಿಸಿಕೊಳ್ಳುವಾಗ ಇದನ್ನು ಕೇಳಿಕೊಳ್ಳಲೇಬೇಕು.

ಮಕ್ಕಳಿಗಾಗಿ ಬರೆಯುವವರು ಇನ್ನೂ ಎಚ್ಚರದಿಂದಿರಬೇಕು. 1986ರ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಸಿನಿಮಾದಲ್ಲಿ, ಹೊಸ ಆಟಿಕೆಗಳಿಗೆ ಜಾಗ ಮಾಡಲೆಂದು ಆಪ್ಟಿಮಸ್ ಪ್ರೈಮ್ ಎಂಬ ನಾಯಕನನ್ನು ಸಾಯಿಸಲಾಯಿತು, ಚಿತ್ರಮಂದಿರದಲ್ಲಿ ಮಕ್ಕಳು ಅತ್ತರು. ಅದರ ಬಿಸಿ ಎಷ್ಟು ತಟ್ಟಿತೆಂದರೆ, ಅದೇ ಆಟಿಕೆ ಕಂಪನಿಯ ಮುಂದಿನ ಚಿತ್ರದಲ್ಲಿ ಸಾಯಬೇಕಿದ್ದ ನಾಯಕನ ಬಗ್ಗೆ, ಅವನು ಕೋಮಾದಲ್ಲಿದ್ದಾನೆ ಎಂಬ ಸಂಭಾಷಣೆ ಸೇರಿಸಿ ಅವನನ್ನು ಉಳಿಸಿಕೊಳ್ಳಲಾಯಿತು.

ಗುಟ್ಟು ಎಷ್ಟು ಕಾಯಬೇಕು

ಅಗಾಥಾ ಕ್ರಿಸ್ಟಿ ತಮ್ಮ ಪತ್ತೇದಾರ ಪ್ವಾರೋ ಸಾಯುವ ಕಾದಂಬರಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲೇ ಬರೆದು ಭದ್ರವಾಗಿ ತೆಗೆದಿರಿಸಿದ್ದರು. ಅದು ಪ್ರಕಟವಾದದ್ದು 1975ರಲ್ಲಿ, ಅವರು ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳ ಮೊದಲು. ಆ ವರ್ಷದ ಆಗಸ್ಟ್ 6ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮುಖಪುಟದಲ್ಲಿ ಪ್ವಾರೋನ ನಿಧನವಾರ್ತೆ ಪ್ರಕಟಿಸಿತು. ಅಂದರೆ ಪುಸ್ತಕ ಕೈಗೆ ಬರುವ ಮೊದಲೇ ಸಾವು ಎಲ್ಲರಿಗೂ ಗೊತ್ತಾಗಿತ್ತು, ಆದರೂ ಯಾರೂ ಮೋಸಹೋದೆವೆಂದು ಕೂಗಲಿಲ್ಲ. ನಮ್ಮಲ್ಲಿ ಅಭಿಮನ್ಯು ಕಾಳಗದ ಯಕ್ಷಗಾನ ನೋಡಲು ಕೂತವರಿಗೂ, ಕರ್ಣಾವಸಾನದ ತಾಳಮದ್ದಲೆ ಕೇಳುವವರಿಗೂ ಮುಗಿಯುವುದು ಹೇಗೆಂದು ಗೊತ್ತೇ ಇರುತ್ತದೆ, ಗೊತ್ತಿದ್ದೂ ಕಣ್ಣೊರೆಸಿಕೊಳ್ಳುತ್ತಾರೆ. ಆದ್ದರಿಂದ ಬೆಚ್ಚಿಬೀಳಿಸುವುದೊಂದೇ ಸಾವಿನ ಬಲ ಎಂದು ಭಾವಿಸಬೇಡಿ. ಮುನ್ಸೂಚನೆ ದುಃಖವನ್ನು ಕಡಿಮೆ ಮಾಡುವುದಿಲ್ಲ, ಸಿದ್ಧವಾಗಲು ಅವಕಾಶ ಕೊಡುತ್ತದೆ. ಆದರೆ ಪ್ರೋಮೊದಲ್ಲಿ ಹೂವಿನ ಹಾರ ಹಾಕಿದ ಫೋಟೋ ತೋರಿಸಿ, ಕಂತಿನಲ್ಲಿ ಅದು ಕನಸೆಂದು ಹೇಳುವ ಆಟವನ್ನು ಮಾತ್ರ ಆಡಬೇಡಿ; ಒಮ್ಮೆ ಹಾಗೆ ಆಡಿದವರ ಕಥೆಯಲ್ಲಿ ನಿಜವಾದ ಸಾವು ಬಂದಾಗಲೂ ಜನ ನಕ್ಕು ಚಾನೆಲ್ ಬದಲಿಸುತ್ತಾರೆ.

ಮೊದಲ ವಾರ ಏನು ಮಾಡಬೇಕು

ಕಂತು ಹೊರಬಂದ ಮೊದಲ ದಿನ ಏನನ್ನೂ ಬರೆಯಬೇಡಿ, ಓದಿ. ಅದು ಬರೀ ಕಥೆ, ಅಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂಬ ಮಾತು ನಿಮ್ಮ ಬಾಯಿಂದ ಎಂದೂ ಬರಬಾರದು. ಅವರು ತಲೆ ಕೆಡಿಸಿಕೊಳ್ಳಲೆಂದೇ ಅಲ್ಲವೇ ನೀವು ಇಷ್ಟು ದಿನ ಬರೆದದ್ದು. ತಮಾಷೆಯೂ ಬೇಡ, ಸಮರ್ಥನೆಯೂ ಬೇಡ. ಎರಡು ಮೂರು ದಿನ ಕಳೆದ ಮೇಲೆ, ಆ ಪಾತ್ರ ನಿಮಗೂ ಏನಾಗಿತ್ತೆಂದು ಕೆಲವು ವಾಕ್ಯಗಳಲ್ಲಿ ಬರೆದರೆ ಸಾಕು. ಮರಳಿ ಬರುವ ಯೋಚನೆಯಿಲ್ಲದಿದ್ದರೆ ಇಲ್ಲವೆಂದೇ ಹೇಳಿ. ಕಾದು ನೋಡಿ ಎಂಬ ನಗುಮುಖದ ಉತ್ತರ ಶೋಕದಲ್ಲಿರುವವರಿಗೆ ಮಾಡುವ ಅನ್ಯಾಯ.

ದುಃಖಕ್ಕೆ ಒಂದು ಜಾಗ ಬೇಕು. ಬ್ರಿಟನ್ನಿನ 'ಟಾರ್ಚ್‌ವುಡ್' ಸರಣಿಯಲ್ಲಿ 2009ರಲ್ಲಿ ಇಯಾಂಟೋ ಜೋನ್ಸ್ ಎಂಬ ಪಾತ್ರ ಸತ್ತಾಗ ಅಭಿಮಾನಿಗಳು ಕಾರ್ಡಿಫ್ ನಗರದ ಕೊಲ್ಲಿಯ ದಂಡೆಯಲ್ಲಿ ಒಂದು ಗೋಡೆಗೆ ಚೀಟಿ, ಹೂವು, ಚಿತ್ರಗಳನ್ನು ಅಂಟಿಸತೊಡಗಿದರು. ಅದು ತೆರವಾಗುವ ಬದಲು ಊರಿನ ನೋಡುವ ಸ್ಥಳವಾಯಿತು. ಹೋಮ್ಸ್ ಬಿದ್ದ ಜಲಪಾತದ ಪಕ್ಕದ ಮೈರಿಂಗೆನ್ ಊರಿನಲ್ಲಿ ಇಂದು ಅವನ ಪ್ರತಿಮೆಯೂ ವಸ್ತುಸಂಗ್ರಹಾಲಯವೂ ಇವೆ. ನಿಮ್ಮ ಓದುಗರು ಅಷ್ಟು ದೂರ ಹೋಗಬೇಕಾಗಿಲ್ಲ. ಆ ಪಾತ್ರಕ್ಕೆ ಒಂದು ಕೊನೆಯ ಪತ್ರ ಬರೆಯಲು ಆಹ್ವಾನಿಸಿ ಆಯ್ದ ಕೆಲವನ್ನು ಪತ್ರಿಕೆಯಲ್ಲೋ ಪುಟದಲ್ಲೋ ಪ್ರಕಟಿಸಿದರೆ, ಬೈಗುಳವಾಗಿ ಬರಬೇಕಾದದ್ದರಲ್ಲಿ ಬಹುಪಾಲು ನೆನಪಾಗಿ ಬರುತ್ತದೆ.

ಬೆದರಿಕೆ ಮಾತ್ರ ಬೇರೆ ವಿಷಯ. ಕೊಲೆ ಮಾಡಿದ ಪಾತ್ರವನ್ನು ನಿರ್ವಹಿಸಿದ ನಟ ನಟಿಯರಿಗೆ ಹೆಚ್ಚು ಕಾಟ ಬರುತ್ತದೆ. ಅವರಿಗೆ ಮೊದಲೇ ಹೇಳಿ, ಮೊದಲ ವಾರ ಅವರ ಪುಟಗಳನ್ನು ಬೇರೆಯವರು ನೋಡಿಕೊಳ್ಳುವಂತೆ ಮಾಡಿ. ಜೀವಬೆದರಿಕೆ ಬಂದರೆ ಉತ್ತರಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ದೂರು ಕೊಡಿ. ಅಭಿಮಾನದ ಹೆಸರಿನಲ್ಲಿ ಅದನ್ನು ಸಹಿಸಬೇಕಾದ ಅಗತ್ಯ ಯಾರಿಗೂ ಇಲ್ಲ.

ಮರಳಿ ತರುವುದಾದರೆ

ಒತ್ತಡಕ್ಕೆ ಮಣಿದು ಪಾತ್ರವನ್ನು ಬದುಕಿಸುವುದು ಸೋಲಲ್ಲ. ಹಿಂದಿಯ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಸೀರಿಯಲ್‌ನಲ್ಲಿ ಮಿಹಿರ್ ವಿರಾನಿ ಸತ್ತಾಗ ಎದ್ದ ಗದ್ದಲಕ್ಕೆ ಮಣಿದು ಅವನನ್ನು ಮರಳಿ ತಂದರು, ಸೀರಿಯಲ್ ವರ್ಷಗಟ್ಟಲೆ ಮುಂದುವರಿಯಿತು. ಹೇಗೆ ತರುತ್ತೀರಿ ಎಂಬುದು ಮುಖ್ಯ. ಅಮೆರಿಕದ 'ಡಲಾಸ್'ನಲ್ಲಿ 1985ರಲ್ಲಿ ಕಾರು ಗುದ್ದಿ ಸತ್ತ ಬಾಬಿ ಯೂಯಿಂಗ್ ಮರುವರ್ಷ ಸ್ನಾನದ ಮನೆಯಲ್ಲಿ ನಗುತ್ತ ಕಾಣಿಸಿಕೊಂಡ. ನಡುವಿನ ಒಂದಿಡೀ ವರ್ಷದ ಕಂತುಗಳೆಲ್ಲ ಅವನ ಮಾಜಿ ಹೆಂಡತಿ ಕಂಡ ಕನಸೆಂದು ಹೇಳಲಾಯಿತು. ಆ ವರ್ಷ ಪೂರ್ತಿ ನೋಡಿ ಅತ್ತವರ ಕಣ್ಣೀರನ್ನು ರದ್ದುಮಾಡಿದಂತಾಯಿತು, ಅದರ ಮೇಲಿನ ನಗೆಚಾಟಿಕೆ ಇಂದಿಗೂ ನಿಂತಿಲ್ಲ.

ಡಾಯ್ಲ್ ಹಾಗೆ ಮಾಡಲಿಲ್ಲ. 1901ರಲ್ಲಿ ಅವರು ಹೋಮ್ಸ್‌ನ ಒಂದು ಕಾದಂಬರಿ ಬರೆದರೂ ಅದನ್ನು ಸಾವಿಗಿಂತ ಹಿಂದಿನ ಘಟನೆಯಾಗಿ ಇರಿಸಿದರು. ನಂತರ ಅಮೆರಿಕದ ಪತ್ರಿಕೆಯೊಂದು ಹದಿಮೂರು ಕಥೆಗಳಿಗೆ 45,000 ಡಾಲರ್ ಕೊಡುತ್ತೇನೆಂದಾಗ, 1903ರಲ್ಲಿ ಅವನನ್ನು ನಿಜವಾಗಿಯೇ ಮರಳಿ ತಂದರು. ಹೋಮ್ಸ್ ಕಂದಕಕ್ಕೆ ಬಿದ್ದೇ ಇರಲಿಲ್ಲ, ಕುಸ್ತಿಯ ಪಟ್ಟಿನಿಂದ ತಪ್ಪಿಸಿಕೊಂಡಿದ್ದ ಎಂಬ ವಿವರಣೆ ತೆಳುವಾದದ್ದೇ. ಓದುಗರು ಅದನ್ನು ನುಂಗಿಕೊಂಡದ್ದು ವಾಟ್ಸನ್‌ನಿಂದಾಗಿ. ಮುದಿ ಪುಸ್ತಕ ವ್ಯಾಪಾರಿಯ ವೇಷ ಕಳಚಿ ಗೆಳೆಯ ಎದುರು ನಿಂತಾಗ ವಾಟ್ಸನ್ ಬದುಕಿನಲ್ಲೇ ಮೊದಲ ಮತ್ತು ಕೊನೆಯ ಬಾರಿಗೆ ಮೂರ್ಛೆ ಹೋಗುತ್ತಾನೆ. ಎಚ್ಚರವಾದಾಗ ಕಾಲರ್ ಸಡಿಲವಾಗಿದೆ, ತುಟಿಯಲ್ಲಿ ಬ್ರಾಂಡಿಯ ರುಚಿ ಇದೆ, ಹೋಮ್ಸ್ ಕ್ಷಮೆ ಕೇಳುತ್ತಿದ್ದಾನೆ. ಮೂರು ವರ್ಷ ಸುಮ್ಮನೆ ಶೋಕಪಟ್ಟವನಿಗೆ ಕಥೆಯ ಒಳಗೇ ಕ್ಷಮೆ ಸಿಕ್ಕಿತು, ಅದು ಹೊರಗೆ ಹತ್ತು ವರ್ಷ ಕಾದವರಿಗೂ ಸಂದಿತು. ನೀವೂ ಪಾತ್ರವನ್ನು ಮರಳಿ ತರುವಾಗ, ಅವನಿಗಾಗಿ ಅತ್ತವರಲ್ಲಿ ಒಬ್ಬರಾದರೂ ಅವನ ಕೆನ್ನೆಗೆ ಹೊಡೆಯಲಿ, ಮಾತು ಬಿಡಲಿ, ಲೆಕ್ಕ ಕೇಳಲಿ. ಆರತಿ ಎತ್ತಿ ಒಳಗೆ ಕರೆದುಕೊಂಡರೆ ಸಾಲದು.

ಇಷ್ಟಾದರೂ ಪೂರ್ತಿ ಮರಳಿ ಬರುವುದು ಸಾಧ್ಯವೆಂದು ಎಣಿಸಬೇಡಿ. ಕಾರ್ನ್‌ವಾಲ್‌ನ ದೋಣಿಯವನೊಬ್ಬ ತನಗೆ ಹೇಳಿದ ಮಾತನ್ನು ಡಾಯ್ಲ್ ಅವರೇ ದಾಖಲಿಸಿದ್ದಾರೆ: ಆ ಬಂಡೆಯಿಂದ ಬಿದ್ದಾಗ ಹೋಮ್ಸ್ ಸಾಯದೆ ಇದ್ದಿರಬಹುದು, ಆದರೆ ಆಮೇಲೆ ಅವನು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ ಎಂದು. ಡಾಯ್ಲ್ ಮುಂದೆ 1927ರವರೆಗೂ ಅವನ ಕಥೆಗಳನ್ನು ಬರೆದರು, ಇನ್ನೊಮ್ಮೆ ಕೊಲ್ಲಲಿಲ್ಲ. ಹೋಮ್ಸ್ ಕೆಲಸದಿಂದ ನಿವೃತ್ತನಾಗಿ ಸಸೆಕ್ಸ್‌ನ ಹಳ್ಳಿಯಲ್ಲಿ ಜೇನು ಸಾಕುತ್ತಿದ್ದಾನೆಂದು ಬರೆದು, ಬೇಕಾದಾಗ ಹಳೆಯ ಪ್ರಕರಣವೊಂದನ್ನು ಹೇಳಿದರು. ನಿಮ್ಮ ಕಾಗದದ ಮೇಲೆ ಸಾಕಾಗಿದೆ ಎಂಬುದೊಂದೇ ಕಾರಣ ಉಳಿದಿದ್ದರೆ, ಪಾತ್ರಕ್ಕೆ ದೂರದ ಊರಿಗೆ ವರ್ಗ ಮಾಡಿಸಿ, ಮಗಳ ಮನೆಗೆ ಕಳಿಸಿ, ತೋಟ ನೋಡಿಕೊಳ್ಳಲು ಬಿಡಿ. ವರ್ಷಕ್ಕೊಮ್ಮೆ ಅವರಿಂದ ಒಂದು ಫೋನ್ ಬರುವುದಕ್ಕೆ ಸಂಭಾವನೆಯನ್ನೂ ಕೊಡಬೇಕಾಗಿಲ್ಲ.